ಅಡ್ಡಹೆಸರಿನ ತವರು

ಬೆಳಗೆರೆಯೊಳಗೆ ಯಾರನ್ನೂ ಬೆಳಗೆರೆ ಅಂತ ಕರೆಯುವುದಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ, ವೇದಾವತಿಯ ದಡದಲ್ಲಿರುವ ಊರು ಅದು. ಅಲ್ಲಿನ ಜನಕ್ಕೆ ಇರುವುದು ಈ ಸೀಮೆಯ ಎಲ್ಲರಿಗೂ ಇರುವಂಥ ಹೆಸರುಗಳೇ: ತಿಪ್ಪೇಸ್ವಾಮಿ, ಓಬಣ್ಣ, ಪಾಲಯ್ಯ, ಮಾರಕ್ಕ. ಎಲ್ಲರೂ ಬೆಳಗೆರೆಯವರೇ ಆದಮೇಲೆ ಹೆಸರಿಗೆ ಊರು ಹಚ್ಚಿಕೊಂಡು ಯಾರಿಗೆ ಏನಾಗಬೇಕು? ಆದರೆ ಊರಿನಿಂದ ಹೊರಗೆ, ಕನ್ನಡ ಓದುವ ಮನೆಗಳಲ್ಲಿ, ಬೆಳಗೆರೆ ಎಂದ ಕೂಡಲೇ ನೆನಪಿಗೆ ಬರುವುದು ಊರಲ್ಲ, ಮನುಷ್ಯರು. 'ಯೇಗ್ದಾಗೆಲ್ಲಾ ಐತೆ' ಬರೆದ ಬೆಳಗೆರೆ ಕೃಷ್ಣಶಾಸ್ತ್ರಿಗಳು, ಅವರ ತಂದೆ ಬೆಳಗೆರೆ ಚಂದ್ರಶೇಖರ ಶಾಸ್ತ್ರಿಗಳು, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಕವಯಿತ್ರಿ ಬೆಳಗೆರೆ ಜಾನಕಮ್ಮ, 1995ರಲ್ಲಿ 'ಹಾಯ್ ಬೆಂಗಳೂರ್' ಪತ್ರಿಕೆ ಶುರು ಮಾಡಿದ ರವಿ ಬೆಳಗೆರೆ. ಇಷ್ಟು ಹೆಸರುವಾಸಿಯಾದ ಅಡ್ಡಹೆಸರು, ಅದನ್ನು ನಾಡಿಗೆ ಪರಿಚಯಿಸಿದ್ದು ಮಾತ್ರ ಒಂದೇ ಒಂದು ಮನೆತನ.

ಈ ಮನೆತನದೊಳಗೇ ಹೆಸರು ಜಾಗ ಬದಲಿಸಿದ್ದನ್ನು ಗಮನಿಸಿ. ಕೃಷ್ಣಶಾಸ್ತ್ರಿಗಳಲ್ಲಿ ಊರು ಮುಂದೆ ಇದೆ. ಅಲ್ಲಿ ಅದಿನ್ನೂ ಊರೇ. ಬೆಳಗೆರೆಯ ಕೃಷ್ಣಶಾಸ್ತ್ರಿ ಅಂತ ಅರ್ಥ. ಊರಿಗೇ ಅಂಟಿಕೊಂಡು, ಅಲ್ಲೇ ಹಳ್ಳಿಮಕ್ಕಳಿಗೆ ಶಾಲೆ ಕಟ್ಟಿ, 2013ರಲ್ಲಿ ತೀರಿಕೊಂಡ ಆ ಗಾಂಧಿವಾದಿ ಮೇಷ್ಟರಿಗೆ ಹಾಗಿದ್ದದ್ದೇ ಸರಿ. ರವಿಯವರಲ್ಲಿ ಅದು ಹೆಸರಿನ ಹಿಂದಕ್ಕೆ ಹೋಗಿ, ಒಂಟಿಯಾಗಿ ನಿಲ್ಲುವಷ್ಟು ಗಟ್ಟಿಯಾಯಿತು. "ಈ ವಾರ ಬೆಳಗೆರೆ ಏನು ಬರೆದಿದ್ದಾರೆ?" ಎಂದು ಓದುಗರು ಕೇಳುವಾಗ ಯಾರ ಮನಸ್ಸಿನಲ್ಲೂ ವೇದಾವತಿ ಇರುತ್ತಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ಇದಕ್ಕಿಂತ ದೊಡ್ಡ ಸಂಗತಿ. ರವಿ ಹುಟ್ಟಿದ್ದು ಬಳ್ಳಾರಿಯಲ್ಲಿ, 1958ರಲ್ಲಿ. ಅವರಿಗೆ ಬೆಳಗೆರೆ ಬಂದದ್ದು ತಾಯಿಯ ಕಡೆಯಿಂದ. ತಾಯಿ ಪಾರ್ವತಮ್ಮನವರು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಟೀಚರ್, ಕೃಷ್ಣಶಾಸ್ತ್ರಿಗಳ ತಂಗಿ. ಊರ ಹೆಸರನ್ನು ಮಡಿಲಲ್ಲಿ ಕಟ್ಟಿಕೊಂಡು ಹೋದವರು ಆಕೆ, ಅದನ್ನು ಕನ್ನಡದ ಮೂಲೆಮೂಲೆಗೂ ಮುಟ್ಟಿಸಿದವನು ಆಕೆಯ ಮಗ. ಅಕ್ಕ ಜಾನಕಮ್ಮನವರದೂ ಅದೇ ಕಥೆ. ಮದುವೆಯಾದ ಮೇಲೂ ಕವಿತೆಗಳ ಜೊತೆ ನಿಂತದ್ದು ತವರೂರೇ. ಅಡ್ಡಹೆಸರು ಅಪ್ಪನಿಂದ ಮಗನಿಗೆ ಇಳಿಯುವ ಆಸ್ತಿ ಅಂತ ಲೋಕವೆಲ್ಲ ನಂಬಿಕೊಂಡಿದೆ. ಬೆಳಗೆರೆ ಎಂಬ ಹೆಸರು ಹೆಣ್ಣುಮಕ್ಕಳ ಕೈಯಿಂದಲೂ ದಾಟಿದೆ.

ಇದು ಆ ಒಂದು ಮನೆಯ ವಿಶೇಷ ಅಂತ ನನಗೆ ಅನ್ನಿಸುವುದಿಲ್ಲ. ಊರ ಹೆಸರು ಮನುಷ್ಯರಿಗೆ ಹತ್ತುವುದು ಊರು ಬಿಟ್ಟಮೇಲೆ. ನಮ್ಮ ಸೀಮೆಯಲ್ಲಿ ಎಲ್ಲರಿಗಿಂತ ಮೊದಲು ಊರು ಬಿಟ್ಟವರು ಯಾರು? ಸರ್ಕಾರಿ ನೌಕರಿಗೆ ಹೋದ ಗಂಡಸರಲ್ಲ, ಕಾಲೇಜಿಗೆ ಹೋದ ಹುಡುಗರೂ ಅಲ್ಲ. ಮದುವೆಯಾಗಿ ಗಾಡಿ ಹತ್ತಿದ ಹೆಣ್ಣುಮಕ್ಕಳು.

ನಮ್ಮಜ್ಜಿಯ ಹೆಸರು ತಿಪ್ಪಮ್ಮ. ಆ ಹೆಸರಿನಿಂದ ಆಕೆಯನ್ನು ಯಾರಾದರೂ ಕೂಗಿದ್ದನ್ನು ನಾನು ಕೇಳಿಯೇ ಇಲ್ಲ. ನಮ್ಮ ಕೇರಿಯಲ್ಲೇ ಇನ್ನೊಬ್ಬ ತಿಪ್ಪಮ್ಮ ಇದ್ದರು, ಹಿಂದಿನ ಕೇರಿಯಲ್ಲಿ ಮತ್ತೊಬ್ಬರು. ಅಜ್ಜಿ ದೊಡ್ಡೇರಿಯ ಮಗಳಾದ್ದರಿಂದ ಊರಿಗೆಲ್ಲ ದೊಡ್ಡೇರಮ್ಮ. ವಾರಗಿತ್ತಿಯರು ತಳುಕಿನಮ್ಮ, ಪರಶುರಾಂಪುರದಮ್ಮ. ಮನೆಗೆ ಸೊಸೆ ಬಂದ ದಿನವೇ ಊರು ಆಕೆಗೆ ಆಕೆಯ ಊರಿನ ಹೆಸರಿಟ್ಟುಬಿಡುತ್ತಿತ್ತು. ಗಂಡನಿಗೆ ಅಂಥದ್ದೇನೂ ಬೇಕಿರಲಿಲ್ಲ. ಅವನು ಇಂಥವರ ಮಗ ಎಂದರೆ ಮುಗಿಯಿತು. ಹೀಗೆ ಲೆಕ್ಕ ಹಾಕಿದರೆ ನಮ್ಮ ಹಳ್ಳಿಗಳಲ್ಲಿ ನಿಜವಾದ ಅಡ್ಡಹೆಸರು ಇದ್ದದ್ದು ಹೆಂಗಸರಿಗೆ ಮಾತ್ರ.

ಆಕೆ ತವರಿನಿಂದ ತಂದ ಹಿತ್ತಾಳೆ ಕೊಳಗ ಇನ್ನೂ ನಮ್ಮ ಮನೆಯಲ್ಲಿದೆ. ಕಂಠದ ಕೆಳಗೆ, ಪಾತ್ರೆ ಅಂಗಡಿಯವನು ಉಳಿಯಿಂದ ಚುಕ್ಕೆಚುಕ್ಕೆಯಾಗಿ ಕುಟ್ಟಿ ಬರೆದ ಅಕ್ಷರಗಳಿವೆ: 'ದೊ. ತಿಪ್ಪಮ್ಮ'. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ 'ಪ್ಪ'ದ ಒತ್ತು ಸವೆದುಹೋಗಿದೆ. 'ದೊ' ಮತ್ತು ಅದರ ಮುಂದಿನ ಚುಕ್ಕೆ ಮಾತ್ರ ಹೊಸದರಂತೆ ಹಾಗೇ ನಿಂತಿವೆ. ಮದುವೆಮನೆಯಲ್ಲಿ ನಾಲ್ಕು ಮನೆಯ ಪಾತ್ರೆ ಕಲೆತುಹೋದರೆ ಗುರುತು ಸಿಗಲಿ ಅಂತ ಬರೆಸಿದ್ದು. ಓದು ಬರಹ ಬಾರದ ಆಕೆ ಆ ಮೊದಲ ಅಕ್ಷರವನ್ನು ಬೆರಳಿನಿಂದ ಸವರಿ ಗುರುತು ಹಿಡಿಯುತ್ತಿದ್ದಳು. ನಮ್ಮ ವಂಶದಲ್ಲಿ ಮೊಟ್ಟಮೊದಲು ಇನಿಷಿಯಲ್ ಇದ್ದದ್ದು ಆಕೆಗೆ. ಅಜ್ಜನ ಹೆಸರು ಯಾವ ಪಾತ್ರೆಯ ಮೇಲೂ ಇಲ್ಲ.

ಆ ದೊಡ್ಡೇರಿಗೆ ಇತಿಹಾಸದ ಪುಸ್ತಕಗಳಲ್ಲೂ ಜಾಗವಿದೆ. 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಔರಂಗಜೇಬನ ಸರದಾರ ಕಾಸಿಂಖಾನನನ್ನು ಅಲ್ಲಿನ ಕೋಟೆಯೊಳಗೆ ಕೂಡಿಹಾಕಿದ, ಖಾನ ಅಲ್ಲೇ ಸತ್ತ. ಅಜ್ಜಿಯ ದೊಡ್ಡೇರಿಯಲ್ಲಿ ಇವರು ಯಾರೂ ಇರಲಿಲ್ಲ. ಅಲ್ಲಿದ್ದದ್ದು ಕೆರೆ, ಗೌರಿಹಬ್ಬಕ್ಕೆ ಬಾಗಿನ ಕಳಿಸುತ್ತಿದ್ದ ಅಣ್ಣಂದಿರು.

ಗಂಡಸರಿಗೆ ಊರು ಹೆಸರಾದದ್ದನ್ನು ನೋಡಬೇಕಾದರೆ ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ತಳುಕಿಗೆ ಹೋಗಬೇಕು. ಬಸ್ಸಿನಲ್ಲಿ ಹೋಗುವವರಿಗೆ ಒಂದು ಸ್ಟಾಪು. ಕನ್ನಡ ಸಾಹಿತ್ಯದಲ್ಲಿ ಅದೊಂದು 'ಟಿ', ಒಂದು 'ತ'. ಟಿ.ಎಸ್. ವೆಂಕಣ್ಣಯ್ಯನವರು ತಳುಕಿನ ಸುಬ್ಬಣ್ಣನವರ ಮಗ ವೆಂಕಣ್ಣಯ್ಯ. 1885ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾಗಿ, 1939ರಲ್ಲಿ ತೀರಿಕೊಂಡವರು. ಶಿಷ್ಯ ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಒಪ್ಪಿಸಿದ್ದು ಈ ಗುರುವಿಗೇ. ಅವರ ತಮ್ಮ ತ.ಸು. ಶಾಮರಾಯರು. ಅಣ್ಣನಲ್ಲಿ ಇಂಗ್ಲಿಷಿನ ಅಕ್ಷರದಲ್ಲಿದ್ದ ಊರೂ ಅಪ್ಪನೂ ತಮ್ಮನಲ್ಲಿ ಕನ್ನಡಕ್ಕೆ ಬಂದರು. ಇನ್ನೊಬ್ಬ ಸಹೋದರ ರಾಮಸ್ವಾಮಯ್ಯನವರ ಮಗ ಸುಬ್ಬರಾಯ. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯ ಎಂಬುದು ಗಿಡ್ಡವಾಗಿ ತ.ರಾ.ಸು. ಆಯಿತು. ಹೆಸರಿನ ಮುಂದಿದ್ದ ಅಕ್ಷರಗಳೇ ಹೆಸರಾಗಿ ನಿಂತ ಮೇಲೆ ಅಮ್ಮ ಅಪ್ಪ ಇಟ್ಟ ಹೆಸರನ್ನು ಜನ ಮರೆತೇಬಿಟ್ಟರು. ಶಾಮರಾಯರು ಈ ಮನೆತನದ ಕಥೆಯನ್ನು 'ಮೂರು ತಲೆಮಾರು' ಎಂದು ಪುಸ್ತಕವಾಗಿ ಬರೆದಿದ್ದಾರೆ. ಆ ಸೀಮೆಯ ಬದುಕು ಹೇಗಿತ್ತೆಂದು ತಿಳಿಯಲು ನಾನು ಎಲ್ಲರಿಗೂ ಮೊದಲು ಹೇಳುವ ಪುಸ್ತಕ ಅದು.

ತ.ರಾ.ಸು. ಅವರು ಹುಟ್ಟಿದ್ದು 1920ರಲ್ಲಿ ಮಲೆಬೆನ್ನೂರಿನಲ್ಲಿ, ಬರೆದದ್ದು ಜನ್ಮವಿಡೀ ಚಿತ್ರದುರ್ಗದ ಬಗ್ಗೆ. ತೀರಿಹೋದ ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ 'ದುರ್ಗಾಸ್ತಮಾನ'ಕ್ಕೆ. ಆದರೂ ಹೆಸರಿನಲ್ಲಿ ಮಲೆಬೆನ್ನೂರೂ ಇಲ್ಲ, ದುರ್ಗವೂ ಇಲ್ಲ; ಹಿರಿಯರ ತಳುಕೇ ಇದೆ. ಹುಟ್ಟಿದ ಊರಿಗಿಂತ ಬಿಟ್ಟುಬಂದ ಊರಿನ ಹಿಡಿತ ಬಲವಾದದ್ದು. ಅವರು ಬರೆದ ಪಾಳೆಯಗಾರರಲ್ಲೂ ಇದೇ ಕ್ರಮ. ದುರ್ಗವನ್ನು ಆಳಲು ಬಂದ ತಿಮ್ಮಣ್ಣನಾಯಕ ಮತ್ತಿ ಎಂಬ ಹಳ್ಳಿಯವನು, ಕೋಟೆಕೊತ್ತಲ ಕಟ್ಟಿಸಿದ ಮೇಲೂ ಮತ್ತಿ ತಿಮ್ಮಣ್ಣನಾಯಕನೇ. ಆ ಕೋಟೆಯಲ್ಲಿ ಇನ್ನೊಂದು ಬಗೆಯ ಹೆಸರೂ ಹುಟ್ಟಿತು. ಕಾವಲುಗಾರನ ಹೆಸರು ಕಹಳೆ ಮುದ್ದಹನುಮ, ಮಾಡುತ್ತಿದ್ದ ಕೆಲಸದಿಂದ ಬಂದದ್ದು. ಅವನ ಹೆಂಡತಿಗೆ ಗಂಡನ ಕಹಳೆ ಬರಲಿಲ್ಲ. ಒಂದು ಹೊತ್ತಿನಲ್ಲಿ ಕೈಗೆ ಸಿಕ್ಕಿದ ಒನಕೆಯೇ ಆಕೆಯ ಹೆಸರಾಯಿತು.

ಊರೊಳಗೆ ಇದ್ದವರಿಗೆ ಹೆಸರು ಕೊಡುವುದು ದೇವರು. ಮ್ಯಾಸನಾಯಕರಲ್ಲಿ, ಕಾಡುಗೊಲ್ಲರಲ್ಲಿ "ಯಾವ ಗುಡಿಕಟ್ಟು?" ಎಂದು ಕೇಳುತ್ತಾರೆ. ಒಂದು ದೇವರನ್ನು ನಡೆದುಕೊಳ್ಳುವ ಅಣ್ಣತಮ್ಮಂದಿರ ಬಳಗವೇ ಗುಡಿಕಟ್ಟು. ಆ ದೇವರ ಹೆಸರೇ ಮನೆಯ ಮಗುವಿಗೆ ಇಳಿಯುತ್ತದೆ. ಗಾದ್ರಿಪಾಲನಾಯಕನ ಒಕ್ಕಲಲ್ಲಿ ಪಾಲಯ್ಯ, ಬೋಸೇದೇವರ ಒಕ್ಕಲಲ್ಲಿ ಬೋಸಯ್ಯ, ಓಬಳ ನರಸಿಂಹನನ್ನು ನಂಬಿದವರಲ್ಲಿ ಓಬಯ್ಯ, ಓಬಣ್ಣ, ಓಬಮ್ಮ. ಗೊಲ್ಲರಹಟ್ಟಿಗಳಲ್ಲಿ ಕ್ಯಾತಪ್ಪ, ಚಿತ್ತಯ್ಯ. ಪುರ್ಲಹಳ್ಳಿ ಕಡೆಯ ಕ್ಯಾತೇದೇವರ ಪರಿಷೆಯಲ್ಲಿ ಬಾರೆಕಳ್ಳೆಯಿಂದ, ಅಂದರೆ ಬಾರೆಮುಳ್ಳಿನ ಕೊಂಬೆಗಳನ್ನು ಒಟ್ಟಿ, ಗುಡಿ ಕಟ್ಟುತ್ತಾರೆ. ಬರಿಗಾಲಲ್ಲಿ ಆ ಮುಳ್ಳನ್ನೇ ಹತ್ತಿ ಕಳಶ ಇಳಿಸುತ್ತಾರೆ. ಅದನ್ನು ಕಣ್ಣಾರೆ ನೋಡಿದವರಿಗೆ, ಬೆಂಗಳೂರಿನ ಕಚೇರಿಯಲ್ಲಿ ಕ್ಯಾತಪ್ಪ ಎಂದು ಕೂಗಿದಾಗ ಯಾರಾದರೂ ಮುಸಿಮುಸಿ ನಕ್ಕರೆ ನೋವಾಗುತ್ತದೆ. ನನಗಂತೂ ಆಗುತ್ತದೆ.

ಇವುಗಳ ಮುಂದೆ ಕೆಲವೊಮ್ಮೆ ಕೆಲಸದ ಹೆಸರು ಸೇರುತ್ತದೆ: ಪೂಜಾರಿ ಪಾಲಯ್ಯ, ಕಿಲಾರಿ ಬೋರಯ್ಯ. ಕಿಲಾರಿ ಎಂದರೆ ದೇವರ ಎತ್ತುಗಳನ್ನು ಕಾಯುವವನು. ಆ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ. ಬರದ ವರ್ಷ ಮೇವಿಗಾಗಿ ತಾಲ್ಲೂಕು ಕಚೇರಿಯ ಮುಂದೆ ನಿಲ್ಲುವವನು, ರಾತ್ರಿ ಅವುಗಳ ಜೊತೆಯೇ ಮಲಗುವವನು ಈ ಕಿಲಾರಿ. ಇನ್ನು ಬೆಡಗು, ಅಂದರೆ ಕುಲದ ಕವಲು, ಬೇರೆಯೇ ಇದೆ. ಅದನ್ನು ಯಾರೂ ಬರೆಯುವುದಿಲ್ಲ, ಹೆಣ್ಣು ಕೇಳಲು ಬಂದಾಗ ಬಾಯಲ್ಲಿ ಹೇಳುತ್ತಾರೆ. ಒಂದೇ ಬೆಡಗಾದರೆ ಅಣ್ಣತಂಗಿ, ಅಲ್ಲಿಗೆ ಮಾತು ನಿಂತಿತು.

ತಿಪ್ಪೇಸ್ವಾಮಿಯ ಮಾತನ್ನು ಬೇರೆಯಾಗಿಯೇ ಆಡಬೇಕು, ಏಕೆಂದರೆ ಇಲ್ಲಿ ಅದು ಜಾತಿ ಗುಡಿಕಟ್ಟುಗಳನ್ನೆಲ್ಲ ದಾಟಿದ ಹೆಸರು. ಲಿಂಗಾಯಿತರಲ್ಲಿ, ನಾಯಕರಲ್ಲಿ, ಗೊಲ್ಲರಲ್ಲಿ, ದಲಿತರ ಮನೆಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಣ್ಣ, ತಿಪ್ಪಕ್ಕ. ರೆಡ್ಡಿಗಳಲ್ಲಿ ತಿಪ್ಪಾರೆಡ್ಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯಿಂದ ಬಂದದ್ದು. ಹಟ್ಟಿಯ ಸುತ್ತ ಐದು ಕೆರೆ ಕಟ್ಟಿಸಿದ ಪವಾಡಪುರುಷ ಎಂದು ಜನ ನಂಬಿದ್ದಾರೆ. ಮಳೆ ಕಾಣದ ಸೀಮೆಯಲ್ಲಿ ಕೆರೆ ಕಟ್ಟಿಸಿದವನನ್ನು ದೇವರೆನ್ನದೆ ಇನ್ನೇನೆನ್ನಬೇಕು? ಫಾಲ್ಗುಣದ ಜಾತ್ರೆಗೆ ಹಟ್ಟಿಯಲ್ಲಿ ಬಿಸಿಲು ಹೊಗೆ ಎರಡೂ ಸೇರಿರುತ್ತವೆ. ಹರಕೆ ಹೊತ್ತವರು ಒಣಕೊಬ್ಬರಿ ತಂದು ಸುಡುತ್ತಾರೆ; ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಚಟಚಟ ಉರಿಯುವ ವಾಸನೆ ತೇರಿನ ಬೀದಿಯ ತನಕ ಬರುತ್ತದೆ, ಮನೆಗೆ ಬಂದು ಬಟ್ಟೆ ಒಗೆದರೂ ಹೋಗುವುದಿಲ್ಲ. ರಥದ ಮುಕ್ತಿ ಬಾವುಟವನ್ನು ಲಕ್ಷಗಟ್ಟಲೆ ರೂಪಾಯಿಗೆ ಹರಾಜಿನಲ್ಲಿ ಕೂಗಿ ಹಿಡಿಯುತ್ತಾರೆ. ಅದೇ ವಾಸನೆಯಲ್ಲಿ, ಅದೇ ನೂಕುನುಗ್ಗಲಿನಲ್ಲಿ, ಹಿಂದಿನ ವರ್ಷ ಬೇಡಿಕೊಂಡ ಕೂಸಿಗೆ ಹೆಸರು ಕೂಗಿಬಿಡುತ್ತಾರೆ. ಬೇರೆ ಹೆಸರು ಹುಡುಕುವ ಪ್ರಶ್ನೆಯೇ ಬರುವುದಿಲ್ಲ.

ಆ ಹೆಸರಿನ ತಿಪ್ಪೆ ಕಸದ ತಿಪ್ಪೆಯೇ. ಹುಟ್ಟಿದ ಕೂಸುಗಳು ಒಂದರ ಹಿಂದೆ ಒಂದು ಕೈಬಿಟ್ಟುಹೋದ ಮನೆಯಲ್ಲಿ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಯಾರಿಗೂ ಬೇಡದ್ದು ಎಂಬಂತೆ ಎತ್ತಿಕೊಂಡು, ತಿಪ್ಪ, ತಿಪ್ಪಮ್ಮ, ಗುಂಡ, ಕಲ್ಲ ಅಂತ ಹೆಸರಿಡುವ ವಾಡಿಕೆ ಕನ್ನಡ ನಾಡಿನಲ್ಲಿ ಬಹಳ ಕಡೆ ಇತ್ತು. ಸಾವಿನ ಕಣ್ಣು ಬೀಳದಿರಲಿ ಎಂದು. ದೊಡ್ಡಾಸ್ಪತ್ರೆ, ಲಸಿಕೆ ಏನೂ ಇಲ್ಲದ ಕಾಲದಲ್ಲಿ ಒಬ್ಬ ತಾಯಿ ತನ್ನ ಕೂಸಿಗೆ ಕೊಡಬಹುದಾಗಿದ್ದ ಕಾಪು ಆ ಹೆಸರು. ಹಟ್ಟಿಯ ಸ್ವಾಮಿಯ ಮೇಲಿನ ಭಕ್ತಿಯೂ ಈ ಭಯವೂ ಯಾವ ಮನೆಯಲ್ಲಿ ಎಲ್ಲಿ ಸೇರಿಕೊಂಡವು ಎಂದು ಬಿಡಿಸಿ ನೋಡಲು ಆಗುವುದಿಲ್ಲ. ನಮ್ಮಜ್ಜಿಗಿಂತ ಮೊದಲು ಹುಟ್ಟಿದ ಇಬ್ಬರು ಉಳಿದಿರಲಿಲ್ಲ ಎಂಬುದಷ್ಟೇ ನನಗೆ ಗೊತ್ತು.

ಉತ್ತರಕ್ಕೆ ಹೋಗಿ ಕೊಟ್ಟೂರು ಹತ್ತಿರವಾದಂತೆ ತಿಪ್ಪೇಶರು ಕಡಿಮೆಯಾಗಿ ಕೊಟ್ರೇಶರು ಹೆಚ್ಚಾಗುತ್ತಾರೆ. ಹೆಸರು ಕೇಳಿಯೇ ಮನುಷ್ಯ ಯಾವ ಜಾತ್ರೆಗೆ ಹೋಗುವವನು ಎಂದು ಹೇಳಬಹುದು. 2013ರಲ್ಲಿ ಮೊಳಕಾಲ್ಮುರಿನಿಂದ ವಿಧಾನಸಭೆಗೆ ಆರಿಸಿಬಂದವರ ಹೆಸರೂ ಎಸ್. ತಿಪ್ಪೇಸ್ವಾಮಿ. ಬೇರೆ ಜಿಲ್ಲೆಯವರಿಗೆ ಅಪರೂಪವಾಗಿ ಕೇಳುವ ಹೆಸರು ನಮ್ಮಲ್ಲಿ ಒಂದು ತರಗತಿಯ ಹಾಜರಿ ಪುಸ್ತಕದಲ್ಲೇ ಮೂರ್ನಾಲ್ಕು ಸಿಗುತ್ತದೆ. ಆಗ ಮೇಷ್ಟ್ರು ಮಾಡುವುದು ಏನು? ಹುಡುಗನ ಹೆಸರಿಗೆ ಅವನ ಊರು ಸೇರಿಸಿ ಕರೆಯುತ್ತಾರೆ. ಹೈಸ್ಕೂಲಿಗೆ ಅಂತ ಪಕ್ಕದೂರಿಗೆ ಹೋದ ಹುಡುಗನಿಗೆ, ಸೊಸೆಯಾಗಿ ಬಂದವರಿಗೆ ಆದದ್ದೇ ಆಗುತ್ತದೆ.

ಮೊಳಕಾಲ್ಮುರು ಆಂಧ್ರದ ಗಡಿಗೆ ಒತ್ತಿಕೊಂಡಿದೆ. ಎದುರಿಗೇ ರಾಯದುರ್ಗ. ಅಲ್ಲಿನ ತೆಲುಗರಿಗೆ 'ಇಂಟಿಪೇರು' ಉಂಟು, ಮನೆಯ ಹೆಸರು. ಅದರಲ್ಲೂ ಎಷ್ಟೋ ಊರಿನಿಂದ ಬಂದವು. ವೆಂಕಣ್ಣಯ್ಯನವರು ಕನ್ನಡ ಹೇಳುತ್ತಿದ್ದ ಅದೇ ಮಹಾರಾಜ ಕಾಲೇಜಿನಲ್ಲಿ ತೆಲುಗು ಹೇಳುತ್ತಿದ್ದವರು ರಾಳ್ಳಪಲ್ಲಿ ಅನಂತಕೃಷ್ಣಶರ್ಮರು. ಅವರ ರಾಳ್ಳಪಲ್ಲಿ ಅನಂತಪುರ ಜಿಲ್ಲೆಯ ಹಳ್ಳಿ. ಒಂದೇ ಒಣನೆಲದ ಎರಡು ಹಳ್ಳಿಗಳು ಮೈಸೂರಿನ ಒಂದೇ ಕಾಲೇಜಿನಲ್ಲಿ ಎರಡು ಭಾಷೆಯ ಮೇಷ್ಟರ ಹೆಸರಾಗಿ ಓಡಾಡಿದವು. ಮೊಳಕಾಲ್ಮುರಿನ ಹೆಸರನ್ನು ಹೊತ್ತು ಹೋದದ್ದು ಮನುಷ್ಯರಿಗಿಂತ ಹೆಚ್ಚಾಗಿ ಅಲ್ಲಿನ ಸೀರೆ. ನೇಕಾರರ ಮನೆಯಲ್ಲಿ ಮಗ್ಗದ ಮೇಲೆ ಇರುವತನಕ ಅದು ಬರೀ ರೇಷ್ಮೆ ಸೀರೆ. ಬಸ್ಸು ಹತ್ತಿ ಬೆಂಗಳೂರಿನ ಅಂಗಡಿಯಲ್ಲಿ ಮಡಿಕೆ ಬಿಚ್ಚಿದಾಗ ಮೊಳಕಾಲ್ಮುರು ಸೀರೆ.

ಈ ತಾಲ್ಲೂಕಿನಲ್ಲಿ ಬರವಣಿಗೆಯಲ್ಲಿ ಉಳಿದ ಹೆಸರುಗಳಲ್ಲೆಲ್ಲ ಹಳೆಯದು ಬ್ರಹ್ಮಗಿರಿಯ ಬಂಡೆಯ ಮೇಲಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ರಾಜ ತನ್ನನ್ನು ದೇವಾನಾಂಪ್ರಿಯ ಎಂದು ಕರೆದುಕೊಳ್ಳುತ್ತಾನೆ, ಅಶೋಕ ಎಂಬ ಹೆಸರು ಇಲ್ಲಿ ಇಲ್ಲ. ಅದಕ್ಕೆ ಮಸ್ಕಿಗೋ ನಿಟ್ಟೂರು ಉಡೇಗೋಳಕ್ಕೋ ಹೋಗಬೇಕು. ಚಕ್ರವರ್ತಿಯ ಸ್ವಂತ ಹೆಸರಿಲ್ಲದ ಬಂಡೆಯ ಮೇಲೆ, ಅದನ್ನು ಬರೆದವನ ಹೆಸರು ಮಾ‌ತ್ರ ಇದೆ: ಚಪಡ. ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎನ್ನುವ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮುರಿನ ಬಿಸಿಲಿನಲ್ಲಿ ಕೂತು ಅದನ್ನು ಓದಬಲ್ಲವರು ಆಗಲೂ ಇದ್ದಿರಲಾರರು. ಅಪ್ಪನ ಹೆಸರು ಬರೆಯಲಿಲ್ಲ, ಕುಲ ಬರೆಯಲಿಲ್ಲ. ತನ್ನ ಹೆಸರಿನ ಪಕ್ಕದಲ್ಲಿ ದೂರದ ಒಂದು ನಾಡಿನ ಅಕ್ಷರವನ್ನು ಇಟ್ಟ. ಊರು ಬಿಟ್ಟು ಬಂದವನು ಇಟ್ಟ ಗುರುತು ಅದು ಎಂದೇ ನಾನು ಓದಿಕೊಳ್ಳುತ್ತೇನೆ.

ಈಗ ಅರ್ಜಿಗಳಲ್ಲಿ ಸರ್‌ನೇಮ್ ಎಂಬ ಕಾಲಂ ಬಂದಿದೆ. ಅಪ್ಪನ ಮೊದಲ ಅಕ್ಷರವನ್ನೋ ಅಪ್ಪನ ಪೂರ್ತಿ ಹೆಸರನ್ನೋ ತುಂಬಿ ಸುಮ್ಮನಾಗುವವರು ಹೆಚ್ಚು. ಆದರೆ ಈಚೆಗೆ ಹುಡುಗರು ಜಾತಿಯ ಹೆಸರನ್ನು ಅಡ್ಡಹೆಸರಾಗಿ ಹಾಕಿಕೊಳ್ಳುವುದು ನಮ್ಮ ಕಡೆಯೂ ಬೆಳೆಯುತ್ತಿದೆ. ಅಪ್ಪ ಅಜ್ಜ ಯಾರೂ ಹಾಕಿಕೊಳ್ಳದಿದ್ದದ್ದನ್ನು ಮೊಮ್ಮಗ ದೊಡ್ಡಕ್ಷರದಲ್ಲಿ ಬೈಕಿನ ಮೇಲೂ ಬರೆಸುತ್ತಾನೆ. ತುಳಿಸಿಕೊಂಡವರು ತಲೆಯೆತ್ತಿ ಹೆಸರು ಹೇಳಿಕೊಳ್ಳುವುದಕ್ಕೆ ಕಾರಣವಿದೆ, ಅದನ್ನು ನಾನು ಬಲ್ಲೆ. ಆದರೂ ಊರಿನ ಹೆಸರೇ ದೊಡ್ಡದು ಎಂದು ನನ್ನ ಗಟ್ಟಿ ಅಭಿಪ್ರಾಯ. ಜಾತಿಯ ಹೆಸರು ಊರನ್ನು ಕೇರಿಗಳಾಗಿ ಒಡೆಯುತ್ತದೆ. ಊರಿನ ಹೆಸರು ಅಲ್ಲಿ ಹುಟ್ಟಿದ ಎಲ್ಲರಿಗೂ ಸಮನಾಗಿ ಸೇರಿದ್ದು. ನಾಡೋಜ ಪಡೆದ ಹಾಡುಗಾರ್ತಿ ಸಿರಿಯಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡು ಪುಸ್ತಕ ಮಾಡಿದರು. ಆಕೆಯನ್ನು ಹೊರಗಿನವರು ಗುರುತಿಸುವುದು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಎಂದು. ಬರೆದುಕೊಂಡವರ ಹೆಸರಿನಲ್ಲೂ ಒಂದು ಊರು, ಹಾಡಿದವರ ಹೆಸರಿನಲ್ಲೂ ಒಂದು ಊರು. ಇನ್ನೊಬ್ಬರು ನಮ್ಮ ಜಾನಪದ ವಿದ್ವಾಂಸರು, ಮೀರಾಸಾಬಿಹಳ್ಳಿ ಶಿವಣ್ಣ. ಚಳ್ಳಕೆರೆ ತಾಲ್ಲೂಕಿನ ಮೀರಾಸಾಬಿಹಳ್ಳಿ ಅವರ ಹೆಸರಿನ ಮುಂದೆ ನಿಂತು, ಒಬ್ಬ ಸಾಬಿಯನ್ನೂ ಶಿವನನ್ನೂ ಒಂದೇ ಉಸಿರಿನಲ್ಲಿ ಕೂಗುವ ಹಾಗೆ ಮಾಡಿದೆ. ಇಂಥ ಹೆಸರನ್ನು ಯಾವ ಜಾತಿಯ ಪಟ್ಟಿಯಿಂದ ತರಲು ಸಾಧ್ಯ?

ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮೊದಲು ಮನೆಗೆ ಬಂದಿದ್ದಳು. "ಸರ್, ಸರ್‌ನೇಮ್ ಅಂತ ಏನು ಬರೀಲಿ?" ಅಂದಳು. ಅಪ್ಪನ ಊರು ಬರೆಯಬಹುದಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ಊರು ಬರದ್ರೆ ತಪ್ಪಾ ಸರ್? ನಾನು ಹುಟ್ಟಿದ್ದು ಅಲ್ಲೇ, ಚೊಚ್ಚಲ ಬಾಣಂತನ ಅಂತ ಅಜ್ಜಿ ಮನೇಲಿ" ಅಂದಳು. ತಪ್ಪಲ್ಲ ಅಂದೆ. ಈಗ ಆಕೆ ಪರಶುರಾಂಪುರ. ಕಚೇರಿಯ ಗುರುತಿನ ಚೀಟಿಯಲ್ಲಿ ಅಷ್ಟು ಅಕ್ಷರ ಹಿಡಿಸಲಿಲ್ಲವಂತೆ, ಕೊನೆಯವು ಬಿಟ್ಟುಹೋಗಿವೆ. ಸರಿ ಮಾಡಿಕೊಡಿ ಎಂದು ಅರ್ಜಿ ಕೊಟ್ಟಿದ್ದಾಳೆ. ಹೊಸ ಚೀಟಿ ಬರುವ ತನಕ ಹಳೆಯದರ ಮೇಲೆ ಉಳಿದ ಅಕ್ಷರಗಳನ್ನು ಪೆನ್ನಿನಿಂದ ಬರೆದುಕೊಂಡು ಓಡಾಡುತ್ತಿದ್ದಾಳೆ.